ಐದು ದಿನದ ಚಪ್ಪರ

ಮದುವೆ ಚಪ್ಪರಕ್ಕೂ ಅಪ್ಪಣೆ ಬೇಕೆಂದು ನನಗೆ ಗೊತ್ತಾದದ್ದು, ಆ ಅಪ್ಪಣೆ ಬರೆಯುವ ಮೇಜಿನ ಹಿಂದೆ ನಾನೇ ಹೋಗಿ ಕುಳಿತ ಮೇಲೆ. ಚಾಮರಾಜನಗರದಲ್ಲಿ ಆಗ ಪುರಸಭೆ ಎಂಬ ಮಾತು ಬೋರ್ಡಿನ ಮೇಲೆ ಮಾತ್ರ ಇತ್ತು. ಜನರ ಬಾಯಲ್ಲಿ ಅದು ಮುನ್ಸಿಪಾಲ್ಟಿ. ಅಲ್ಲಿ ನನ್ನದು ಹಂಗಾಮಿ ಗುಮಾಸ್ತನ ಕೆಲಸ. ಒಂದು ತಗಡಿನ ಪೆಟ್ಟಿಗೆ, ಎರಡು ಜೊತೆ ಬಟ್ಟೆ, ಮೈಸೂರಿನಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಮೂರು ಬಟ್ಟಲು, ಇಷ್ಟನ್ನು ಹೊತ್ತುಕೊಂಡು ರೈಲಿನಲ್ಲಿ ಬಂದು ಇಳಿದಿದ್ದೆ. ಹುಟ್ಟಿದ ಊರು ಯಾವುದು ಎಂದು ಕೇಳಿದವರಿಗೆ ಗುಂಡ್ಲುಪೇಟೆ ಅನ್ನುತ್ತಿದ್ದೆ. ಆದರೆ ಅಲ್ಲಿ ಹೋಗಿ ಇಳಿದರೆ ಚೀಲ ಇಡುವುದಕ್ಕೆ ಒಂದು ಜಗಲಿ ಇರಲಿಲ್ಲ. ಅವ್ವ ಸತ್ತಾಗ ನನಗೆ ಆರು ವರ್ಷ, ಸಾಕಿದ ಮಾವ ಸತ್ತಾಗ ಹದಿನೇಳು. ಆಮೇಲೆ ಉಚಿತ ವಿದ್ಯಾರ್ಥಿನಿಲಯ, ಆಮೇಲೆ ಈ ಮೇಜು.

ಚಪ್ಪರದ ನಿಯಮಗಳು ಒಂದು ಹಾಳೆಯಲ್ಲಿ ಮುಗಿಯುತ್ತಿದ್ದವು. ಮನೆಯ ಮುಂದೆ ಬೀದಿಗೆ ಚಾಚಿ ಚಪ್ಪರ ಹಾಕುವವರು ಮುಂಚೆಯೇ ಅರ್ಜಿ ಕೊಡಬೇಕು. ಅರ್ಧ ಬೀದಿಯನ್ನು ಗಾಡಿಗಳಿಗೆ ಬಿಡಬೇಕು. ಕಂಬ ನೆಡಲು ಚರಂಡಿಯ ಕಲ್ಲು ಕೀಳಬಾರದು. ಚಪ್ಪರದಡಿ ಒಲೆ ಹೂಡಬಾರದು. ಟಾರ್ಪಾಲು ಹೊದಿಸಬಹುದು, ಆದರೆ ಅದರ ಹಗ್ಗ ಬೀದಿ ದಾಟಿ ಎದುರು ಮನೆಗೆ ಹೋಗಕೂಡದು. ಸಮಾರಂಭ ಮುಗಿದ ಐದು ದಿನದೊಳಗೆ ಎಲ್ಲವನ್ನೂ ಬಿಚ್ಚಿ ಬೀದಿಯನ್ನು ಮೊದಲಿನಂತೆ ಮಾಡಿಕೊಡಬೇಕು.

ನನಗೆ ಈ ಹಾಳೆ ಬಹಳ ಹಿಡಿಸಿತು. ಯಾಕೆಂದರೆ ಪ್ರತಿಯೊಂದು ನಿಯಮಕ್ಕೂ ಒಂದು ಕಾರಣವಿತ್ತು, ಕೇಳಿದರೆ ಹೇಳಬಹುದಾಗಿತ್ತು. ಹಿಂದೆ ಯಾರದೋ ಮದುವೆಯಲ್ಲಿ ಅಡ್ಡ ಕಟ್ಟಿದ್ದ ಹಗ್ಗಕ್ಕೆ ಹುಲ್ಲಿನ ಗಾಡಿಯ ಮೇಲೆ ಕುಳಿತಿದ್ದವನ ಕುತ್ತಿಗೆ ಸಿಕ್ಕಿ ಆತ ಕೆಳಗೆ ಬಿದ್ದಿದ್ದನಂತೆ; ಅದಕ್ಕೇ ಹಗ್ಗದ ನಿಯಮ. ಸಂಪ್ರದಾಯಗಳಿಗೆ ಇಂಥ ಕಾರಣ ಎಲ್ಲಿದೆ, ತೋರಿಸಿ? ಚಪ್ಪರಕ್ಕೆ ಹಸಿ ಅತ್ತಿ ಕೊಂಬೆಯೇ ಏಕೆ ಬೇಕು, ಹಾಲುಗಂಬಕ್ಕೆ ಹಾಲನ್ನೇ ಏಕೆ ಎರೆಯಬೇಕು, ಬೇವಿನ ಕೊಂಬೆ ಕಟ್ಟಿ ನೀರು ಎರೆದರೆ ಗಂಡುಹೆಣ್ಣು ಬಾಳುವುದಿಲ್ಲವೇ? ಹೀಗೆ ಕೇಳಿದರೆ ಕಚೇರಿಯಲ್ಲಿ ಎಲ್ಲರೂ ನಗುತ್ತಿದ್ದರು. ನಕ್ಕು ತಮ್ಮ ತಮ್ಮ ಮನೆಗೆ ಊಟಕ್ಕೆ ಹೋಗುತ್ತಿದ್ದರು. ನಾನು ಹೋಟೆಲಿಗೆ ಹೋಗುತ್ತಿದ್ದೆ.

ನನಗಿದ್ದದ್ದು ಬೀದಿಗೆ ತೆರೆದುಕೊಂಡ ಒಂಟಿ ಕೋಣೆ. ಮುಂಚೆ ಹುಲ್ಲು ತುಂಬುತ್ತಿದ್ದ ಜಾಗ. ಮೋಡವಾದ ದಿನ ಇನ್ನೂ ಹುಲ್ಲಿನ ವಾಸನೆ ಬರುತ್ತಿತ್ತು. ಕೋಣೆಯ ಒಡತಿ ಬೀದಿಯ ಆಚೆ ಬದಿಯ ಮನೆಯವರು. ಗಂಡ ತೀರಿಕೊಂಡಿದ್ದರು. ಜಮೀನನ್ನು ತಾವೇ ನಿಂತು ಮಾಡಿಸುತ್ತಿದ್ದರು. ಹಣೆಗೆ ಮೂರು ಬೆರಳಿನ ವಿಭೂತಿ, ಬಿಸಿಲಿಗೆ ಕಂದಿದ ಮುಖ. ಬೀದಿಯವರೆಲ್ಲ ಕರೆಯುವಂತೆ ನಾನೂ ಅವರನ್ನು ಅವ್ವ ಅನ್ನುತ್ತಿದ್ದೆ. ಆ ಮಾತನ್ನು ಆರನೆಯ ವಯಸ್ಸಿನಿಂದ ಈಚೆಗೆ ನಾನು ಯಾರಿಗೂ ಬಳಸಿರಲಿಲ್ಲ. ಮೊದಮೊದಲು ಬಾಯಿಗೆ ಒರಟಾಗಿ ಬರುತ್ತಿತ್ತು. ಅವರಿಗೆ ಒಬ್ಬಳೇ ಮಗಳು. ವಾರಕ್ಕೊಮ್ಮೆಯೋ ಎರಡು ಸಲವೋ ಆ ಹುಡುಗಿ ಒಂದು ಬಟ್ಟಲು ಸೊಪ್ಪಿನ ಸಾರು ತಂದು ನನ್ನ ಮೆಟ್ಟಿಲ ಮೇಲಿಟ್ಟು, "ಅವ್ವ ಕೊಟ್ಟಳು" ಎಂದು ಹೇಳಿ ಓಡುತ್ತಿದ್ದಳು. ಊರಿನಲ್ಲಿ ನಾನು ವಾದ ಮಾಡದೆ ಒಪ್ಪಿಕೊಂಡ ವಸ್ತು ಅದೊಂದೇ.

ಆ ಹುಡುಗಿಗೆ ಗುಂಡ್ಲುಪೇಟೆಯ ಕಡೆಯ ಸಂಬಂಧ ಕೂಡಿ ಬಂತು. ವೈಶಾಖದಲ್ಲಿ ಮದುವೆ. ಚಪ್ಪರದ ಅರ್ಜಿಯನ್ನು ನಾನೇ ಬರೆದು, ನಾನೇ ತೆಗೆದುಕೊಂಡು, ನಾನೇ ಅಪ್ಪಣೆಯ ಚೀಟಿ ಬರೆದೆ. ಪುಣಜನೂರಿನ ಕಡೆಯಿಂದ ಗಾಡಿಯಲ್ಲಿ ಬಿದಿರು ಬಂತು. ತೆಂಗಿನ ಗರಿ ಹೆಣೆದು ಹೊದಿಸಿದರು. ಅವ್ವನ ತಮ್ಮ, ಚಂದಕವಾಡಿಯವರು, ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಹಿಡಿದಿದ್ದ ಮಿಲಿಟರಿ ಟಾರ್ಪಾಲನ್ನು ಹೊರಿಸಿಕೊಂಡು ಬಂದರು. ಅದನ್ನು ನಾಲ್ಕು ಜನ ಹೊರಬೇಕು, ಅಷ್ಟು ಭಾರ. ಬರಿಯ ಬಿದಿರ ಮೇಲೆ ಹಾಕಿದರೆ ಕಂಬ ವಾಲುತ್ತಿತ್ತು. ಬೀದಿ ಕಡೆಯ ಅಂಚನ್ನು ಹಗ್ಗ ಕಟ್ಟಿ ಎದುರಿನಿಂದ ಎಳೆದು ನಿಲ್ಲಿಸಬೇಕು. ಎದುರಿಗೆ ಇದ್ದದ್ದು ನನ್ನ ಕಿಟಕಿ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಅವ್ವ ಹಗ್ಗ ಹಿಡಿದು ಬಂದರು. "ಏನಪ್ಪಾ, ನಿನ್ ಕಿಟಕಿ ಸರಳ್ಗೆ ಇದ್ನ ಕಟ್ಕತೀನಿ."

"ಆಗೋದಿಲ್ಲ ಅವ್ವ. ಹಗ್ಗ ಬೀದಿ ದಾಟೋ ಹಾಗಿಲ್ಲ. ಚೀಟಿಯಲ್ಲೇ ಬರೆದಿದ್ದೀನಲ್ಲ."

"ಕಿಟಕಿ ನಂದು, ಅಗ್ಗ ನಂದು, ಟಾರ್ಪಾಲು ನನ್ ತಮ್ಮಂದು. ಇನ್ನು ನಿಯಮ ಯಾರ್ದಪ್ಪ?"

"ನಡುವೆ ಇರೋ ಬೀದಿ ಮುನ್ಸಿಪಾಲ್ಟಿದು."

ಅವರ ತಮ್ಮ ಚಪ್ಪರದ ಮೇಲಿಂದಲೇ ನಕ್ಕರು. "ಬುಡಕ್ಕ, ಬಟ್ಲು ಗೆದ್ದಿರೋನ ಕುಟ್ಟೆ ಮಾತಾಡಿ ನೀ ಗೆದ್ದೀಯಾ?"

"ಮಳೆ ಬಂದ್ರೆ ಏನಪ್ಪ ಗತಿ?" ಅಂದರು ಅವ್ವ.

"ಬರುತ್ತೆ ಅನ್ನೋದಕ್ಕೆ ಪುರಾವೆ ಏನು?"

"ಭರಣಿ ಮಳೆ ನಿಂಗೆ ಅರ್ಜಿ ಕೊಟ್ಬುಟ್ಟು ಬತ್ತದಾ?"

ನನಗೂ ನಗು ಬಂತು. ಆದರೆ ಹಗ್ಗ ಕಟ್ಟಲು ಬಿಡಲಿಲ್ಲ. ಬೇರೆ ಯಾರ ಮನೆಯಾದರೂ ಬಿಡುತ್ತಿರಲಿಲ್ಲ, ಸಾರು ಕೊಟ್ಟವರು ಎಂದು ಇಲ್ಲಿ ಬಿಟ್ಟರೆ ಅದು ನ್ಯಾಯವೇ? ಹಾಗೆಂದು ಅವತ್ತು ನನಗೆ ನಾನೇ ಹೇಳಿಕೊಂಡೆ. ಈಗ ಯೋಚಿಸಿದರೆ, ಅವರು ಬೇರೆ ಯಾರಾದರೂ ಆಗಿದ್ದರೆ ಬಹುಶಃ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಟಾರ್ಪಾಲನ್ನು ಮಡಿಸಿ ಮನೆಯ ಗೋಡೆಯ ಕಡೆ ಅರ್ಧಕ್ಕೆ ಕಟ್ಟಿದರು. ಅದರಡಿ ಹೆಂಗಸರು. ಬೀದಿಯ ಅಂಚಿಗೆ, ಬರಿಯ ಗರಿಯಡಿ, ಬೀಗರ ಮೊದಲ ಪಂಕ್ತಿ. ಅಲ್ಲಿನ ಪದ್ಧತಿಯೇ ಹಾಗೆ: ಬೀಗರನ್ನು ಬೀದಿಗೆ ಕಾಣುವಂತೆ ಕೂರಿಸಬೇಕು, ಎಂಥ ಮನೆಯವರು ಬಂದಿದ್ದಾರೆ ಎಂದು ಹೋಗಿಬರುವವರು ನೋಡಬೇಕು.

ಧಾರೆ ಮುಗಿದು ಎಲೆ ಹಾಕಿ ಪಾಯಸ ಬಡಿಸುವ ಹೊತ್ತಿಗೆ ಮಳೆ ಬಂತು. ನಾನು ಎರಡನೇ ಪಂಕ್ತಿಗೆ ಕಾಯುತ್ತ ನನ್ನ ಬಾಗಿಲಲ್ಲಿ ನಿಂತಿದ್ದೆ. ಮೊದಲು ಹನಿ, ಆಮೇಲೆ ಗರಿಯ ಸಂದಿನಿಂದ ಕಂದು ಬಣ್ಣದ ನೀರು ನೂಲು ನೂಲಾಗಿ ಇಳಿಯಿತು. ವರನ ತಂದೆಯ ಜರಿ ಪೇಟ ತೊಯ್ದು ಕಿವಿಯ ಮೇಲೆ ಜಾರಿತು. ಅವರು ಎಲೆಯ ಮೇಲಿನ ಪಾಯಸ ನೀರಾಗುವುದನ್ನು ಸ್ವಲ್ಪ ಹೊತ್ತು ನೋಡಿದರು. ಎದ್ದರು. ಎಲೆ ಬಿಟ್ಟು ಎದ್ದರು. ಅವರ ಹಿಂದೆ ಇಡೀ ಪಂಕ್ತಿ ಎದ್ದಿತು.

"ನಮ್ಮನ್ನ ನೆನೆಯಾಕೆ ಕೂರಿಸ್ಬುಟ್ಟು, ಟಾರ್ಪಾಲಲ್ಲಿ ನಿಮ್ಮೆಂಗಸ್ರ ಬೆಚ್ಚಗೆ ಮಡಗಿದ್ದೀರಾ?" ಅಂದರು. ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ಯಾರಾದರೂ ಸಮಾಧಾನ ಮಾಡುತ್ತಿದ್ದರು.

ಅವ್ವ ಕೈ ಮುಗಿದುಕೊಂಡು ನಿಂತರು. ಹಗ್ಗದ ವಿಷಯ ಎತ್ತಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಸಂಜೆಗೆ ಹೆಣ್ಣನ್ನು ಕರೆದುಕೊಂಡು ಬೀಗರು ಗುಂಡ್ಲುಪೇಟೆಗೆ ಹೊರಟುಹೋದರು.

ಆ ಬೀದಿಯಲ್ಲಿ ಇನ್ನೊಂದು ಪದ್ಧತಿಯಿತ್ತು. ಮದುವೆಯಾಗಿ ಹೋದ ಹೆಣ್ಣು ಐದನೆಯ ದಿನ ಮೊದಲ ಸಲ ತವರಿಗೆ ಬರುತ್ತಾಳೆ. ಅದೇ ಚಪ್ಪರದಡಿ ಅವಳನ್ನು ನಿಲ್ಲಿಸಿ ಆರತಿ ಎತ್ತುತ್ತಾರೆ. ಅವಳು ಕೈಯೆತ್ತಿ ಒಂದು ಗರಿ ಕೀಳುತ್ತಾಳೆ. ಆಮೇಲೆಯೇ ಉಳಿದವರು ಚಪ್ಪರ ಬಿಚ್ಚುವುದು. ಹೆಣ್ಣು ಬರುವ ಮೊದಲೇ ಚಪ್ಪರ ತೆಗೆದರೆ ಅವಳು ಬರುವ ಆಸೆಯನ್ನು ತವರು ಬಿಟ್ಟ ಹಾಗೆ. ಗರಿಯನ್ನು ಹೆಣ್ಣು ಕಿತ್ತರೇನು, ಆಳು ಕಿತ್ತರೇನು, ಗರಿಗೆ ಗೊತ್ತಾಗುತ್ತದೆಯೇ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ.

ಐದನೆಯ ದಿನ ಅವ್ವ ಬೆಳಿಗ್ಗೆಯೇ ಚಪ್ಪರದಡಿ ಸಾರಿಸಿ ರಂಗೋಲಿ ಬಿಟ್ಟರು. ಯಾರೂ ಬರಲಿಲ್ಲ. ಆರನೆಯ ದಿನ ತಮ್ಮನನ್ನು ಗುಂಡ್ಲುಪೇಟೆಗೆ ಕಳಿಸಿದರು. ಸಂಜೆ ಬಸ್ಸಿಳಿದು ಬಂದ ಅವರು ಜಗಲಿಯ ಮೇಲೆ ಕುಳಿತು ಹೇಳಿದ್ದು ನನ್ನ ಕಿಟಕಿಗೂ ಕೇಳಿಸಿತು: "ಕಳಿಸ್ತೀವಿ, ನೋಡನ ಅಂದ್ರು ಕಣಕ್ಕ. ಒಳಕೆ ಕರೀನಿಲ್ಲ. ಜಗಲಿ ಮ್ಯಾಲೆ ನೀರು ಕೊಟ್ರು. ಕೂಸು ಬಾಗಿಲ ಸಂದೀಲಿ ನಿಂತಿತ್ತು, ಮಾತಾಡ್ಸಕೆ ಬುಡನಿಲ್ಲ."

ಈ ನಡುವೆ ನಿಯಮದ ಐದು ದಿನವೂ ಮುಗಿದಿತ್ತು. ಕಚೇರಿಯ ಮೇಸ್ತ್ರಿ, ಬೀದಿಗಳನ್ನು ನೋಡಿಕೊಳ್ಳುವವನು, ನನ್ನ ಮೇಜಿನ ಮುಂದೆ ನಿಂತು, "ನಿಮ್ಮ ಎದುರ್ಮನೆ ಚಪ್ಪರ ಇನ್ನೂ ಅದ ಸಾಮಿ. ಕೀಳ್ಸನಾ?" ಅಂದ.

ನಾನು ಎರಡು ಪುಟ ಬರೆದು ಮೇಲಧಿಕಾರಿಯ ಮುಂದಿಟ್ಟೆ. ನನ್ನ ವಾದ ಇಷ್ಟು. ನಿಯಮದಲ್ಲಿ ಇರುವುದು ಸಮಾರಂಭ ಮುಗಿದ ಐದು ದಿನ ಎಂದು. ಸಮಾರಂಭ ಎಂದರೆ ಏನು, ಅದು ಯಾವಾಗ ಮುಗಿಯುತ್ತದೆ ಎಂದು ಎಲ್ಲೂ ಹೇಳಿಲ್ಲ. ಹಾಗೆ ಹೇಳದಿರುವಾಗ ಆ ಜನರ ರೂಢಿಯನ್ನೇ ಹಿಡಿಯಬೇಕಾಗುತ್ತದೆ. ಆ ರೂಢಿಯ ಪ್ರಕಾರ ಮದುವೆ ಮುಗಿಯುವುದು ಹೆಣ್ಣು ತವರಿಗೆ ಬಂದು ಮೊದಲ ಗರಿ ಕಿತ್ತಾಗ. ಹೆಣ್ಣು ಬಂದಿಲ್ಲ. ಆದ್ದರಿಂದ ಸಮಾರಂಭ ಮುಗಿದಿಲ್ಲ. ಆದ್ದರಿಂದ ಐದು ದಿನದ ಎಣಿಕೆ ಇನ್ನೂ ಶುರುವೇ ಆಗಿಲ್ಲ.

ಅಧಿಕಾರಿಗಳು ಕನ್ನಡಕ ತೆಗೆದು ನಕ್ಕರು. "ನೀನು ದೇವರನ್ನೇ ನಂಬೋನಲ್ಲ, ಇದನ್ನ ಹೇಗಯ್ಯ ಬರೆದೆ?"

"ನಂಬೋದು ಬೇಕಾಗಿಲ್ಲ ಸಾರ್. ನಿಯಮ ಓದಿದರೆ ಸಾಕು."

"ಲಾಯರಾಗಬೇಕಿತ್ತು ನೀನು" ಎಂದು ರುಜು ಹಾಕಿದರು. ಹೆಣ್ಣು ಬರುವವರೆಗೂ ಚಪ್ಪರ ಇರಬಹುದು.

ಬಟ್ಟಲು ಗೆದ್ದ ದಿನದಂತೆಯೇ ಕಾಲು ನೆಲಕ್ಕೆ ತಾಕದೆ ಮನೆಗೆ ಬಂದೆ. ಬೀದಿ ದಾಟಿ ಅವ್ವನಿಗೆ ಹೇಳಿದೆ. ಅವರು ಕೇಳಿದರು, ಒಳಗೆ ಹೋದರು, ಒಂದು ಬಟ್ಟಲು ಸಾರು ತಂದುಕೊಟ್ಟರು. ಮಗಳು ಹೋದ ಮೇಲೆ ಕೊಟ್ಟ ಮೊದಲ ಸಾರು. ಮಳೆಯ ಲೆಕ್ಕ ಇಲ್ಲಿಗೆ ಚುಕ್ತಾ ಆಯಿತು ಎಂದುಕೊಂಡು ಉಂಡೆ.

ಹತ್ತು ದಿನವಾಯಿತು. ಹದಿನೈದಾಯಿತು. ಚಪ್ಪರ ಒಣಗತೊಡಗಿತು. ಬಾಳೆಕಂದುಗಳು ಮೊದಲು ಬಾಗಿ, ಆಮೇಲೆ ಕೊಳೆತು, ಕಂಬಕ್ಕೆ ಅಂಟಿಕೊಂಡವು. ಕೆಳಗಿದ್ದ ಅತ್ತಿ ಸೊಪ್ಪನ್ನು ಬೀದಿಯ ಆಡುಗಳು ಹಿಂಗಾಲ ಮೇಲೆ ನಿಂತು ತಿಂದವು. ಗರಿಗಳು ಹಳದಿಯಾಗಿ, ಆಮೇಲೆ ಬೂದಿಯ ಬಣ್ಣಕ್ಕೆ ಬಂದು, ಗಾಳಿ ಬಂದರೆ ಸರಬರ ಸದ್ದು ಮಾಡುತ್ತಿದ್ದವು. ಬೆಳಿಗ್ಗೆ ನೀರಿಗೆ ಹೋಗುವ ಹೆಂಗಸರು ಕೊಡ ಸೊಂಟಕ್ಕೆ ಸರಿಮಾಡಿಕೊಂಡು ನಿಲ್ಲುತ್ತಿದ್ದರು.

"ಇನ್ನೂ ಬರನಿಲ್ವಾ ಕಣಮ್ಮಿ ಕೂಸು?"

"ಬತ್ತಳ. ಅತ್ತೇಗೆ ಉಸಾರಿಲ್ವಂತೆ."

ಮಾರನೆಯ ದಿನ ಬೇರೆಯವರು. "ಏನಕ್ಕ, ಚಪ್ಪರ ಅಂಗೇ ಅದ?"

"ಬತ್ತಳ. ಅಲ್ಲಿ ಕೆಲ್ಸ ಜಾಸ್ತಿಯಂತೆ."

ಕಿಟಕಿಯ ಈಚೆ ಕುಳಿತು ಈ ಉತ್ತರಗಳನ್ನು ನಾನು ಕೇಳುತ್ತಿದ್ದೆ. ಇಂಥವನ್ನು ವೇದಿಕೆಯ ಮೇಲೆ ಯಾರಾದರೂ ಹೇಳಿದ್ದರೆ ಎರಡು ನಿಮಿಷದಲ್ಲಿ ಹರಿದು ಹಾಕುತ್ತಿದ್ದೆ. ಅವ್ವ ಈಚೀಚೆಗೆ ಬೀದಿ ಏಳುವ ಮುಂಚೆಯೇ ಎದ್ದು, ಉದುರಿದ ತರಗನ್ನು ಗುಡಿಸಿ ಹಿತ್ತಲಿಗೆ ಒಯ್ಯುತ್ತಿದ್ದರು. ಚಪ್ಪರ ಉದುರುತ್ತಿದೆ ಎಂಬುದು ತಿಳಿಯಬಾರದು ಎಂದು. ಆದರೆ ಮೇಲೆ ನೋಡಿದರೆ ಆಕಾಶ ಕಾಣುತ್ತಿತ್ತಲ್ಲ! ಸಂಜೆ ಅವರು ಜಗಲಿಯ ಕಂಬಕ್ಕೆ ಒರಗಿ ಗುಂಡ್ಲುಪೇಟೆ ಬಸ್ಸು ಬರುವ ಹೊತ್ತಿಗೆ ಬೀದಿಯ ತುದಿ ನೋಡುತ್ತಿದ್ದರು. ನನಗೆ ಬರುವವರೂ ಇರಲಿಲ್ಲ, ನಾನು ನೋಡುವ ತುದಿಯೂ ಇರಲಿಲ್ಲ. ಆದ್ದರಿಂದ ಅವರನ್ನು ನೋಡುತ್ತಿದ್ದೆ.

ಒಂದು ಭಾನುವಾರ ಯಾರಿಗೂ ಹೇಳದೆ ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ವರನ ತಂದೆ ಮನೆಯ ಮುಂದೆ ಹಗ್ಗ ಹೊಸೆಯುತ್ತ ಕುಳಿತಿದ್ದರು. ನಾನು ಯಾರು ಎಂದು ಹೇಳಿದೆ. ಟಾರ್ಪಾಲು ನಿಮ್ಮ ಕಡೆಗೇ ಕಟ್ಟಬೇಕೆಂದು ತಂದದ್ದು, ಹಗ್ಗ ಕಟ್ಟಲು ಬಿಡದವನು ನಾನು, ಬೀಗಿತಿಯ ತಪ್ಪಿಲ್ಲ ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಅವರ ಕೈ ಹೊಸೆಯುವುದನ್ನು ನಿಲ್ಲಿಸಿತ್ತು, ಮುಖ ಸಡಿಲವಾಗಿತ್ತು. ಆದರೆ ಚರ್ಚೆಯ ಚಟ ಹಾಗೆ ನಿಲ್ಲಬಿಡುವುದಿಲ್ಲ. ಮಳೆ ಯಾರ ತಪ್ಪೂ ಅಲ್ಲ ಎಂದೆ. ಯಾರ ತಪ್ಪೂ ಅಲ್ಲದ್ದರಿಂದ ಅವಮಾನ ಆಗುವುದು ಸಾಧ್ಯವಿಲ್ಲ ಎಂದೆ. ಅವಮಾನ ಮಾಡುವ ಉದ್ದೇಶ ಇಲ್ಲದ ಕಡೆ ಅವಮಾನವಾಯಿತು ಎನ್ನುವುದು ತರ್ಕಕ್ಕೆ ನಿಲ್ಲದು ಎಂದೂ ಅಂದೆ.

ಅವರು ಹಗ್ಗ ಕೆಳಗಿಟ್ಟರು.

"ಅಂದ್ರೆ ನಂಗೆ ಅವ್ಮಾನ ಆಗೇ ಇಲ್ಲ ಅಂತೀಯಾ?"

"ಆಗೋದಕ್ಕೆ ಕಾರಣ ಇಲ್ಲ ಅಂತೀನಿ."

"ನನ್ ಪೇಟ ನೆನೀತು ಕಣ್ಲಾ. ಐನೂರು ಜನದ ಮುಂದೆ ನೆನೀತು. ನೀನು ಒಳಗೆ ಬೆಚ್ಚಗೆ ನಿಂತ್ಕಂಡು ನೋಡ್ತಿದ್ದೆ. ಈಗ ಬಂದು ನಾ ನೆಂದೇ ಇಲ್ಲ ಅಂತೀಯಲ್ಲೋ! ಓಗು, ಓಗು. ಅವಳು ವಕೀಲ್ರ ಕಳಿಸೋಳು, ನಾ ಸೊಸೇನ ಕಳಿಸ್ಬೇಕಾ?"

ನಾನು ಬಂದದ್ದು ಅವ್ವನಿಗೆ ಗೊತ್ತೇ ಇಲ್ಲ ಎಂದು ಹೇಳುವಷ್ಟರಲ್ಲಿ ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಸ್ಸಿಗೆ ಇನ್ನೂ ಮೂರು ಗಂಟೆ ಇತ್ತು. ನಾನು ಹುಟ್ಟಿದ ಬೀದಿಗೆ ಹೋದೆ. ಮಾವನ ಮನೆಯ ಜಾಗದಲ್ಲಿ ಯಾರೋ ಸೌದೆ ಒಟ್ಟಿದ್ದರು. ಅಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ಸೌದೆಯವನು "ಎಷ್ಟು ಬೇಕು?" ಎಂದು ಕೇಳಿದ. ಏನೂ ಬೇಡ ಎಂದು ಬಂದೆ.

ನನ್ನ ಈ ದಂಡಯಾತ್ರೆ ಅವ್ವನಿಗೆ ಹೇಗೋ ತಿಳಿಯಿತು. ಎರಡು ದಿನ ಬಿಟ್ಟು, ದೀಪ ಹಚ್ಚುವ ಹೊತ್ತಿಗೆ, ಬಟ್ಟಲಿಲ್ಲದೆ ಬರಿಗೈಯಲ್ಲಿ ನನ್ನ ಬಾಗಿಲಿಗೆ ಬಂದರು. ಬೈಯುತ್ತಾರೆ ಎಂದುಕೊಂಡೆ. ಹೊಸ್ತಿಲ ಮೇಲೆ ಕುಳಿತರು, ಅಷ್ಟೇ.

"ಮುನ್ಸಿಪಾಲ್ಟಿಯೋರು ಎಷ್ಟು ದಿನ್ಕೆ ಕೀಳ್ಬೇಕಿತ್ತು ಅದ್ನ?"

"ಐದು ದಿನಕ್ಕೆ. ನಾನು ತಡೆದೆನಲ್ಲ ಅವ್ವ."

"ತಡೆದೆ. ತಡೀದೇ ಇದ್ರೆ ಚಂದಾಗಿತ್ತು." ಆಚೆ ಚಪ್ಪರದ ಕಡೆ ಕೈ ತೋರಿಸಿದರು. "ನಾ ಕಿತ್ರೆ, ನನ್ ಕೂಸು ಬರಲ್ಲ ಅಂತ ನಾನೇ ಒಪ್ಕಂಡಂಗಾಯ್ತದ. ಕೀಳ್ದೇ ಇದ್ರೆ, ಬರನಿಲ್ಲ ಬರನಿಲ್ಲ ಅಂತ ದಿನಾ ಅದೇ ನಿಂತ್ಕಂಡು ಬೀದಿಗೆಲ್ಲಾ ಹೇಳ್ತದ. ಸರ್ಕಾರ ಕಿತ್ರೆ ಸರ್ಕಾರ ಕಿತ್ತಂಗಾಯ್ತದ. ಅಲ್ವಾ ಮಗ?"

ನಾನು ಕೇಳಿದ ನೂರಾರು ವಾದಗಳಲ್ಲಿ ಇಷ್ಟು ಸ್ವಚ್ಛವಾದದ್ದು ಇನ್ನೊಂದಿರಲಿಲ್ಲ. ಎಲ್ಲಿಯೂ ಬೆರಳಿಡುವಂತಿರಲಿಲ್ಲ. ಮೂರು ಬಟ್ಟಲೂ ಅವರಿಗೇ ಸಲ್ಲಬೇಕಿತ್ತು.

"ನಾನು ಏನು ಮಾಡಲಿ?"

"ನೀ ಗೆದ್ದಿದ್ಯಲ್ಲ, ಅದ್ನ ಒಸಿ ಸೋಲು. ಮತ್ತೆ, ನಾ ಕೇಳ್ದೆ ಅಂತ ಯಾರ್ಗೂ ಹೇಳ್ಬ್ಯಾಡ. ನನ್ ತಮ್ಮಂಗೂ ಹೇಳ್ಬ್ಯಾಡ. ನನ್ ಕೂಸ್ಗೂ."

ಮಾರನೆಯ ದಿನ ಕಚೇರಿಯಲ್ಲಿ ನನ್ನ ಎರಡು ಪುಟಕ್ಕೆ ನಾನೇ ಉತ್ತರ ಬರೆದೆ. ಮದುವೆ ಎಂದರೆ ಧಾರೆ; ಧಾರೆ ಮುಗಿದರೆ ಸಮಾರಂಭ ಮುಗಿಯಿತು; ಮನೆಮನೆಯ ರೂಢಿಯನ್ನು ಹಿಡಿದು ಹೊರಟರೆ ಬೀದಿಗಳಲ್ಲಿ ಚಪ್ಪರಗಳೇ ಉಳಿದಾವು; ಒಣಗಿದ ಗರಿಗೆ ಬೆಂಕಿಯ ಭಯ ಬೇರೆ. ಅಧಿಕಾರಿಗಳು ಎರಡನ್ನೂ ಒಂದರ ಪಕ್ಕ ಒಂದಿಟ್ಟು ಓದಿದರು.

"ಯಾವುದಯ್ಯ ನಿನ್ನ ನಿಜವಾದ ಅಭಿಪ್ರಾಯ?"

"ಎರಡನೆಯದು, ಸಾರ್."

"ನಿನ್ನನ್ನ ನಂಬೋದು ಕಷ್ಟ" ಅಂದರು. ಈ ಸಲ ನಗಲಿಲ್ಲ. ರುಜು ಹಾಕಿದರು.

ಮೇಸ್ತ್ರಿ ನಾಲ್ಕು ಆಳುಗಳನ್ನು ಕರೆದುಕೊಂಡು ಬೆಳಿಗ್ಗೆ ಹತ್ತು ಗಂಟೆಗೆ ಬಂದ. ಬೀದಿ ತುಂಬ ಜನ ಓಡಾಡುವ ಹೊತ್ತು; ಅದನ್ನು ನಾನೇ ಆರಿಸಿದ್ದೆ. ಆದರೆ ಆಳುಗಳು ಚಪ್ಪರದ ಕೆಳಗೆ ಬಂದು ನಿಂತುಬಿಟ್ಟರು. ಹೆಣ್ಣು ಕೀಳಬೇಕಾದ ಗರಿಯನ್ನು ಕೀಳಲು ಯಾರಿಗೂ ಕೈ ಬರಲಿಲ್ಲ. "ನೀವೇ ಒಂದ್ ಶುರು ಮಾಡಿ ಸಾಮಿ, ಆಮೇಲೆ ನಾವು ನೋಡ್ಕತೀವಿ" ಅಂದ ಮೇಸ್ತ್ರಿ. ನನಗೆ ಅಂಥ ನಂಬಿಕೆಗಳಿಲ್ಲವಲ್ಲ. ಕೈಯೆತ್ತಿ ಎಳೆದೆ. ಬಹಳ ಸುಲಭವಾಗಿ ಬಂತು. ಧೂಳು ಕಣ್ಣಿಗೆ ಬಿತ್ತು.

ಅವ್ವ ಆಗ ಬಾಗಿಲಿಂದ ಹೊರಗೆ ಬಂದರು. ಕೂಗಿದರು. ಮುನ್ಸಿಪಾಲ್ಟಿಯನ್ನು ಬೈಯುತ್ತಾರೆ, ನನ್ನನ್ನೂ ನಾಲ್ಕು ಮಾತು ಅನ್ನುತ್ತಾರೆ ಎಂದು ನಾನು ಎಣಿಸಿದ್ದೆ; ಅದು ನಮ್ಮ ಒಪ್ಪಂದದಲ್ಲೇ ಇತ್ತು ಎಂದುಕೊಂಡಿದ್ದೆ. ಆದರೆ ಅವರು ಆಳುಗಳನ್ನು ದಾಟಿ ನೇರ ನನ್ನೆದುರಿಗೆ ಬಂದು ಮಣ್ಣು ತೂರಿದರು.

"ನನ್ ಅನ್ನ ತಿಂದೋನೇ! ನನ್ ಕೂಸು ಕೀಳೋ ಗರಿ ನೀ ಕಿತ್ಯಾ? ನಿನ್ ಮನೆ ಮುಂದೆ ಚಪ್ಪರವೇ ಏಳದೆ ಓಗಾ! ಇವತ್ತೇ ನನ್ ಕೋಣೆ ಬುಟ್ಟು ನಡಿ!"

ಹೆಂಗಸರು ಅವರನ್ನು ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ಅದು ಬೀದಿಗೆಂದು ತಂದುಕೊಂಡ ನೀರೋ, ಇಪ್ಪತ್ತು ದಿನದಿಂದ ನಿಂತಿದ್ದ ನೀರೋ, ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ಶಾಪ ತಟ್ಟುತ್ತದೆ ಎನ್ನಲು ಪುರಾವೆಯಿಲ್ಲ. ಅಲ್ಲದೆ ನನಗೆ ಮನೆಯೇ ಇರಲಿಲ್ಲವಾದ್ದರಿಂದ ಮನೆ ಮುಂದಿನ ಚಪ್ಪರದ ಮಾತು ನನಗೆ ಅನ್ವಯಿಸುವುದಿಲ್ಲ ಎಂದೂ ವಾದಿಸಬಹುದಿತ್ತು. ಪೆಟ್ಟಿಗೆ ತುಂಬುವಾಗ ಇದನ್ನೆಲ್ಲ ಯೋಚಿಸಿದೆ. ತೊಳೆದಿಟ್ಟ ಸಾರಿನ ಬಟ್ಟಲೊಂದು ಅವರದು ನನ್ನಲ್ಲೇ ಉಳಿದಿತ್ತು. ಅದನ್ನು ಕಿಟಕಿಯ ಮೇಲಿಟ್ಟು ಬಂದೆ.

ಹೋಟೆಲಿನ ಹಿಂದಿನ ಒಂದು ಕೋಣೆಯಲ್ಲಿ ಇದ್ದುಕೊಂಡೆ. ಹೋಟೆಲಿನವರೂ ನನ್ನನ್ನು ಮಾತಾಡಿಸುವುದು ಕಡಿಮೆ ಮಾಡಿದರು. ಮುಂದಿನ ಸುದ್ದಿ ಹೇಳಿದವನು ಮೇಸ್ತ್ರಿ.

"ಕೇಳಿದ್ರಾ ಸಾಮಿ? ಗುಂಡ್ಲುಪೇಟೆ ಬೀಗ್ರು ಹೆಣ್ಣ ಕರ್ಕಂಡು ಬಂದವ್ರೆ. ನಮ್ ಬೀಗಿತಿ ಚಪ್ಪರ ಕೀಳಾಕೆ ಮುನ್ಸಿಪಾಲ್ಟಿ ನನ್ಮಗ ಯಾವನ್ಲಾ ಅಂತ ಆ ಯಜಮಾನ್ರೇ ಮುಂದಾಗಿ ಬಂದವ್ರೆ. ನಿಮ್ಮನ್ನ ಅಲ್ಲೂ ಬೈದವ್ರಂತೆ, ಇಲ್ಲೂ ಬೈದ್ರಂತೆ. ಇಬ್ರೂ ಒಟ್ಗೆ ಕೂತ್ಕಂಡು ಬೈದ್ರಂತೆ!"

ಅವನು ಬಿದ್ದು ಬಿದ್ದು ನಕ್ಕ. ಅವ್ವನ ಹಿತ್ತಲಲ್ಲಿ ಆ ಮಿಲಿಟರಿ ಟಾರ್ಪಾಲನ್ನು ಎರಡು ತೆಂಗಿನಮರಕ್ಕೆ ಎಳೆದು ಕಟ್ಟಿ, ಅದರಡಿ ಹೆಣ್ಣನ್ನು ನಿಲ್ಲಿಸಿ ಆರತಿ ಎತ್ತಿದರಂತೆ, ಬೀಗರಿಗೆ ಮತ್ತೊಮ್ಮೆ ಪಾಯಸ ಬಡಿಸಿದರಂತೆ. ಹಿತ್ತಲಿಗೆ ನಮ್ಮ ನಿಯಮ ಯಾವುದೂ ಇಲ್ಲ. ಆ ಹಾಳೆಯನ್ನು ಅಷ್ಟು ಸಲ ಓದಿದ್ದ ನನಗೆ ಮದುವೆಯ ಮುಂಚೆ ಅದು ಹೊಳೆದಿರಲಿಲ್ಲ.

ಹಂಗಾಮಿ ಕೆಲಸ ಆ ವರ್ಷವೇ ಮುಗಿಯಿತು. ಗುಂಡ್ಲುಪೇಟೆಯ ಒಂದು ಶಾಲೆಯಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಇವತ್ತಿಗೂ ಅಲ್ಲೇ ಇದ್ದೇನೆ. ಮಕ್ಕಳಿಗೆ ಚರ್ಚೆ ಕಲಿಸಿ ಎಂದು ಹೆಡ್‌ಮಾಸ್ಟರು ಹೇಳುತ್ತಿರುತ್ತಾರೆ, ಕಲಿಸುತ್ತೇನೆ.

ಹೋದ ವರ್ಷ ಯಾವುದೋ ಕಾಗದಕ್ಕೆಂದು ಚಾಮರಾಜನಗರಕ್ಕೆ ಹೋಗಿದ್ದೆ. ಆ ಬೀದಿಗೆ ಹೋಗಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಎರಡು ಸಾಲು ಮುಂದೆ ಒಬ್ಬ ಹೆಂಗಸು ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತಿದ್ದಳು. ತಿರುಗಿದಾಗ ಗುರುತು ಸಿಕ್ಕಿತು. ಅವಳಿಗೂ ಸಿಕ್ಕಿತು. ಪಕ್ಕದವಳ ತೋಳು ತಿವಿದು, ನನಗೆ ಕೇಳಲೆಂದೇ ಹೇಳಿದಳು: "ಅವ್ನೇ ಕಣಕ್ಕ. ನಮ್ ಚಪ್ಪರ ಕಿತ್ತಾಕಿದೋನು. ಅವ್ವ ಇವತ್ತೂ ಬೈತಾಳೆ."

ಸುತ್ತಲಿನ ನಾಲ್ಕೈದು ತಲೆಗಳು ತಿರುಗಿದವು. ನನ್ನ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು. ಮೂರೇ ವಾಕ್ಯ ಸಾಕಾಗಿತ್ತು. ಬಸ್ಸಿಗೆ ಬಸ್ಸೇ ನನ್ನ ಕಡೆ ಆಗುತ್ತಿತ್ತು. ಆದರೆ ಅವ್ವ ಇವತ್ತಿನವರೆಗೂ ಮಗಳಿಗೆ ಹೇಳಿಲ್ಲ ಎಂದಾಯಿತು. ಹೇಳಬೇಡ ಎಂದು ನನ್ನನ್ನು ಕೇಳಿದವರು ತಾವೂ ಹೇಳಿಲ್ಲ. ಬೈಯುತ್ತಲೇ ಇದ್ದಾರೆ. ನಾನು ಹೊರಗೆ ನೋಡುತ್ತ ಕುಳಿತೆ.

ತೆರಕಣಾಂಬಿ ದಾಟಿದ ಮೇಲೆ ಮಳೆ ಹಿಡಿಯಿತು. ಆ ಬಸ್ಸಿನ ಕಿಟಕಿಗಳಿಗೆ ಗಾಜಿಲ್ಲ. ಮೇಲೆ ಸುತ್ತಿಟ್ಟ ಟಾರ್ಪಾಲಿನ ಪರದೆಯನ್ನು ಇಳಿಬಿಟ್ಟು ಹಗ್ಗ ಕಟ್ಟಿಕೊಳ್ಳಬೇಕು. "ಪರದೆ ಇಳ್ಸಿ, ಪರದೆ ಇಳ್ಸಿ" ಎಂದು ಕಂಡಕ್ಟರ್ ಕೂಗಿದ. ಅವಳ ಕಡೆಯದು ಇಳಿಯಿತು, ಆದರೆ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಗೆ ಹಗ್ಗ ಎಟುಕದು. ಪರದೆ ಗಾಳಿಗೆ ಪಟಪಟ ಬಡಿದು ಎರಚಲು ಮಗುವಿನ ಮುಖಕ್ಕೆ ಬರುತ್ತಿತ್ತು. ನಾನು ಎದ್ದು ಹೋಗಿ ಹಗ್ಗ ಹಿಡಿದೆ.

ಅವಳು ನನ್ನ ಕಡೆ ನೋಡದೆ ಪಕ್ಕದವಳಿಗೆ ಹೇಳಿದಳು: "ಕೀಳಾಕೆ ಬತ್ತದ ಇವ್ನಿಗೆ. ಕಟ್ಟಾಕೆ ಬತ್ತದಾ ನೋಡನ."

ಬಸ್ಸಿನ ಸರಳಿಗೆ ಎರಡು ಗಂಟು ಹಾಕಿದೆ. ಎಳೆದು ನೋಡಿದೆ, ಬಿಗಿಯಾಗಿತ್ತು. ನನ್ನ ಜಾಗಕ್ಕೆ ಬಂದು ಕುಳಿತೆ. ನನ್ನ ಕಡೆಯ ಪರದೆಗೆ ಹಗ್ಗವೇ ಇರಲಿಲ್ಲ, ಕೈಯಲ್ಲಿ ಹಿಡಿದುಕೊಂಡಿದ್ದೆ. ಗುಂಡ್ಲುಪೇಟೆ ಬರುವಷ್ಟರಲ್ಲಿ ಎಡ ಭುಜ ಪೂರ್ತಿ ನೆನೆದಿತ್ತು.